ದೊಡವಾಡದ ತನಕ ಲಿಂಬಿಹಣ್ಣು

ಜೂನ್ ೧೪, ಶನಿವಾರ

ಧಾರವಾಡದಿಂದ ಬಂದು ಒಂದ ತಾಸಾತು. ಹೊಲಿಗಿ ಸರಿಯಾಗಿ ಬಿದ್ದೈತಿ, ಕೂಸು ಆರಾಮ ಐತಿ ಅಂತ ಡಾಕ್ಟರ ಬಾಯಾರು ಹೇಳಿ ಕಳಿಸಿದ್ರು. ಅವರಿಗೆ ಕೈ ಮುಗದು ಹೊರಗ ಬಂದೆ.

ಹ್ವಾದ ವರ್ಷ ಆರನೇ ತಿಂಗಳದಾಗ ನಮ್ಮ ಕೂಸು ಹೋತು. ಅದಕ್ಕ ಈ ಸಲ ಐದರಾಗನ ಗರ್ಭಚೀಲದ ಬಾಯಿಗೆ ಹೊಲಿಗಿ ಹಾಕ್ಯಾರ. ಇನ್ನ ಹಡಿಯೋ ತನಕ ಶಿವಾನಿ ಎಡಮಗ್ಗಲಾಗಿ ಮಲಗಿರಬೇಕು. ಏಳೋದು ಬಚ್ಚಲಕ್ಕ ಅಷ್ಟ. ಕೆಲಸ ಇಲ್ಲ, ಗಾಡಿ ಹತ್ತಂಗಿಲ್ಲ, ತವರಿಗೂ ಹೋಗಂಗಿಲ್ಲ. ಬೈಲಹೊಂಗಲದಿಂದ ದೊಡವಾಡ ಎಷ್ಟ ದೂರ, ಬಸ್ಸಿನ್ಯಾಗ ಕಣ್ಣು ಹತ್ತೂದ್ರಾಗ ಬರತೈತಿ. ಅದಕ್ಕೂ ಬ್ಯಾಡ ಅಂದ್ರು.

"ಅಲ್ಲಿ ತನಕ ಗ್ವಾಡಿ ನೋಡಕೋತ ಮಲಗಲೇನ್ರಿ?" ಅಂತ ಶಿವಾನಿ ಕೇಳಿದ್ಲು. ಆಕಿ ಸಾಲ್ಯಾಗ ಗಣಿತ ಕಲಸಾಕಿ, ಒಂದ ಕಡೆ ಕುಂದ್ರೋ ಪೈಕಿ ಅಲ್ಲ.

ಆಗ ನನಗ ಹೊಳದಿದ್ದೇನು ಅಂತ ಇಲ್ಲಿ ಬರದ ಇಡತೇನಿ, ಯಾರ್ ಓದಬೇಕಾಗೇತಿ. ನನ್ನ ಆಟ ಆಡಿ ನೋಡಾಕ ಒಬ್ರು ಸಿಕ್ಕಂಗಾತು ಅನಿಸ್ತು. ನಾನೂ ಕಿತ್ತೂರಿನ ಮಧುನೂ ಕೂಡಿ ಮೂರ ವರ್ಷದಿಂದ ಮೊಬೈಲಿಗೆ ಒಂದ ಆಟ ಮಾಡಾಕ ಹತ್ತೇವಿ, 'ಕೋಟೆ ಕಾಳಗ' ಅಂತ. ನಾ ಕಾಲೇಜಿನ್ಯಾಗ ಕಂಪ್ಯೂಟರ್ ಕಲಸಾಂವ, ಅವ ಹೈವೇ ಬಾಜೂಕ ಫ್ಲೆಕ್ಸ್ ಅಂಗಡಿ ಇಟ್ಟಾಂವ. ಕೋಡ್ ನಂದು, ಚಿತ್ರ ಅವಂದು. ಕುದರಿ, ಕತ್ತಿ, ತೋಪು, ಸುರಂಗ, ಏನಿಲ್ಲ ಅದರಾಗ. ಆಗಸ್ಟ್ ಮೂವತ್ತೊಂದರ ಒಳಗ ಹುಬ್ಬಳ್ಳಿ ಸ್ಪರ್ಧಾಕ್ಕ ಕಳಿಸಬೇಕು. ಗೆದ್ರ ಕಾಲೇಜ ಬಿಟ್ಟು ಪೂರಾ ಇದನ್ನ ಮಾಡಬಹುದು.

ಕೂಸು ಆರಾಮ ಐತಿ. ಇನ್ನೊಮ್ಮೆ ಬರಿಯೋಣು ಅನಿಸ್ತು, ಬರದೆ.

ಜೂನ್ ೧೭, ಮಂಗಳವಾರ

ಅತ್ತಿಯವರು ಬಂದ್ರು. ಜ್ವಾಳದ ಹಿಟ್ಟಿನ ಚೀಲ, ರೊಟ್ಟಿ ಹಂಚು, ಶೇಂಗಾ ಹಿಂಡಿ ಡಬ್ಬಿ, ಒಂದ ಗಂಟು ಹಳೇ ಮೆತ್ತನ್ನ ಸೀರಿ. ನಮ್ಮನ್ಯಾಗ ಹಂಚ ಇಲ್ಲ ಅಂತ ತಿಳದಾರೇನೋ ಅಂದ್ಕೊಂಡೆ.

"ಮೊದಲನೇ ಹೆರಿಗಿ ತವರಾಗ ಆಗಬೇಕು ಅಳಿಯಂದ್ರ. ಮಗಳ ಬರಾಕ ಆಗಂಗಿಲ್ಲ ಅಂದ್ರು, ಅದಕ್ಕ ತವರನ್ನ ಹೊತಗೊಂಡ ಬಂದೇನಿ," ಅಂದ್ರು ಸೋಮವ್ವ ಅತ್ತಿ, ಚಪ್ಪಲಿ ಬಿಡಕೋತನ.

ಸಂಜಿ ಆಗೂದ್ರಾಗ ಮನಿ ಅವರ ಕೈಯಾಗ ಹೋತು. ಮಂಚ ಕಿಡಕಿ ಕಡೆ ಸರಿಸಿದ್ರು. ನನ್ನ ಹಾಸಗಿ ಪಡಸಾಲಿಗೆ ಬಂತು. ನನ್ನ ಕಂಪ್ಯೂಟರಿನ ವೈರು ಕಾಲಿಗೆ ಸಿಗತಾವು ಅಂತ ಒಟ್ಟಾಗಿ ಸುತ್ತಿ ಸೀರಿ ಅಂಚಿನಿಂದ ಕಟ್ಟಿ ಇಟ್ಟಾರ, ಬಿಚ್ಚಾಕ ಅರ್ಧಾ ತಾಸು ಹಿಡೀತು. ರಾತ್ರಿ ಊಟಕ್ಕ ಪುಂಡಿಪಲ್ಯ, ಬಿಸಿ ರೊಟ್ಟಿ, ಮ್ಯಾಲೆ ಬೆಣ್ಣಿ. ಶಿವಾನಿ ಮಲಗಿದಲ್ಲೇ ಎರಡ ರೊಟ್ಟಿ ತಿಂದ್ಲು. ವೈರು ಹಾಳಾಗಿ ಹೋಗಲಿ, ಈ ತಾಯಿಗೆ ನಾ ಏನ್ ಕೊಟ್ರೂ ಕಡಿಮಿ.

ಜೂನ್ ೨೬, ಗುರುವಾರ

ಶಿವಾನಿ ಕೈಯಾಗ 'ಕೋಟೆ ಕಾಳಗ' ಕೊಟ್ಟೆ. ಆಟ ಶುರು ಆಗೂಕ್ಕಿಂತ ಮೊದಲ ಹೆಂಗ ಆಡಬೇಕು ಅಂತ ಕಲಸೋ ಭಾಗ ಐತಿ. ಅದು ಮುಗಿಯೂದ್ರಾಗ ಅತ್ತಿಯವರು ಒಂದ ಬುಟ್ಟಿ ರೊಟ್ಟಿ ಬಡದಿದ್ರು. ಆಡಾಕ ಎರಡೂ ಹೆಬ್ಬೆಟ್ಟು ಬೇಕು. ಎಡಮಗ್ಗಲಾಗಿ ಮಲಗಿದಾಕಿಗೆ ಒಂದ ಕೈ ದಿಂಬಿನ ಕೆಳಗ. ಉಳದಿದ್ದ ಒಂದ ಕೈಲೆ ಕುದರಿ ಓಡಸಬೇಕು, ಕತ್ತಿ ಬೀಸಬೇಕು, ಢಾಲು ಹಿಡೀಬೇಕು. ಫೋನು ಎರಡ ಸಲ ಮೂಗಿನ ಮ್ಯಾಲೆ ಬಿತ್ತು.

"ಏನ್ರಿ, ಈ ಮೂಲ್ಯಾಗ ಕೆಂಪಗ ಮಿಣಕತೈತಲ್ಲ, ಇದೇನು?"

"ಸಿಟ್ಟಿನ ಮೀಟರ್. ತುಂಬಿದ್ರ ದೊಡ್ಡ ಹೊಡತಾ ಹೊಡೀಬಹುದು."

"ಈ ಹಸರಂದು?"

"ಕುದರಿ ದಣಿವು."

"ಮತ್ತ ನೀಲಿದು?"

ನೀಲಿದು ಏನು ಅಂತ ನನಗ ಒಮ್ಮೆಲೆ ನೆನಪಾಗಲಿಲ್ಲ. ಆಕಿ ನಗಾಕ ಹತ್ತಿದ್ಲು. ನಕ್ರ ಹೊಟ್ಟಿ ಅಳ್ಳಾಡತೈತಿ ಅಂತ ಅಡಗಿ ಮನ್ಯಾಗಿಂದ ಅತ್ತಿಯವರು ಬೈದ್ರು. "ಭಾಳ ಚಂದ ಐತ್ರಿ, ಖರೇನ," ಅಂದ್ಲು ಶಿವಾನಿ, ಕಣ್ಣೀರ ಒರಸಕೋತ. "ಆದ್ರ ಇದರಾಗ ನಾ ಏನ್ ಮಾಡಬೇಕು ಅನ್ನೋದ ತಿಳಿವಲ್ದು."

ನನಗ ಸಿಟ್ಟ ಬಂತು. ಮೂರ ವರ್ಷದ ದುಡಿಮಿ ಇದು. ಆಕಿಗೆ ಆಟದ ರುಚಿನ ಗೊತ್ತಿಲ್ಲ ಅಂತ ಮಧುಗ ಫೋನ್ ಮಾಡಿ ಹೇಳಿದೆ. "ತಗೋ, ವೈನಿಯಂಥವರ ಸಲುವಾಗಿ ಇನ್ನೊಂದ ಕಲಸೋ ಭಾಗ ಹಾಕೂಣು," ಅಂದ. ಅದು ಬರೋಬ್ಬರಿ ಅನಿಸ್ತು. ನಾಳಿಯಿಂದ ಶುರು ಮಾಡಬೇಕು.

ಜುಲೈ ೩, ಗುರುವಾರ

ಶಿವಾನಿ ತಮ್ಮ ಬಸವಲಿಂಗ ಫೋನ್ ಮಾಡಿದ್ದ. ಪ್ರತಿ ವರ್ಷದ ರೂಢಿಯಂಗ ಕೇಳಿಬಿಟ್ಟ: "ಅಕ್ಕಾ, ಪಂಚಮಿಗೆ ಕರಿಯಾಕ ಯಾವಾಗ ಬರಲಿ?" ಕೇಳಿದ ಮ್ಯಾಲೆ ಅವಗೂ ನೆನಪಾತು. ಶಿವಾನಿ ಫೋನ್ ಇಟ್ಟು ಗ್ವಾಡಿ ಕಡೆ ತಿರಗಿದ್ಲು. ಮದಿವ್ಯಾದ ಮ್ಯಾಲೆ ಒಂದ ಪಂಚಮಿನೂ ತಪ್ಪಿಸಿದಾಕಿ ಅಲ್ಲ.

ಸಮಾಧಾನ ಮಾಡಾಕ ನನಗ ಬರೂದಿಲ್ಲ. ಪಂಚಮ್ಯಾಗ ಏನೇನ್ ಮಾಡತಿದ್ರಿ, ಹೇಳು ಅಂದೆ. ಹೇಳಕೋತ ಹೇಳಕೋತ ತಾನ ಈ ಕಡೆ ತಿರಗಿದ್ಲು. ಬೇವಿನ ಗಿಡಕ್ಕ ಜೋಕಾಲಿ ಕಟ್ಟತಿದ್ರಂತ. ಅದು ಹೆಣ್ಮಕ್ಕಳದು. ಲಿಂಬಿಹಣ್ಣು ಗಂಡ್ಮಕ್ಕಳದು. ಈ ಊರ ಅಗಸಿ ಬಾಗಲದಿಂದ ಆ ಊರ ತನಕ ಲಿಂಬಿಹಣ್ಣು ಒಗಕೋತ ಹೋಗೂದು, ಬಿದ್ದಲ್ಲಿಂದ ಎತ್ತಿ ಮತ್ತ ಒಗಿಯೂದು, ಇಷ್ಟ ಸಲದಾಗ ಮುಟ್ಟತೇನಿ ಅಂತ ಪಂದ್ಯ. ನಮ್ಮ ರಾಮದುರ್ಗ ಕಡೆನೂ ಆಡತಾರ, ನಾನೂ ಒಗದೇನಿ.

"ಜೋಕಾಲಿ ಮ್ಯಾಲೆ ಹೋದಾಗ ಹುಡುಗರು ಹೊಲದಾಚೆ ಹೊಂಟಿದ್ದು ಕಾಣತಿತ್ರಿ. ಕೆಳಗ ಬಂದಾಗ ಏನೂ ಕಾಣತಿದ್ದಿಲ್ಲ. ಮುಂದ ಹಣ್ಣು ಎಲ್ಲಿ ಬಿತ್ತು ಅಂತ ನೋಡಾಕ ಇನ್ನಷ್ಟು ಜೋರಲೆ ಜೀಕತಿದ್ದೆ," ಅಂದ್ಲು. "ನಾ ಒಮ್ಮೆನೂ ಒಗದಿಲ್ಲ ನೋಡ್ರಿ."

"ನೀ ಈ ಪಂಚಮಿಗೆ ಒಗಿ," ಅಂದೆ. "ನಾ ಮಾಡಿಕೊಡತೇನಿ. ಬೈಲಹೊಂಗಲದಿಂದ ದೊಡವಾಡಕ್ಕ."

ಎರಡ ದಿನದ ಕೆಲಸ. ಕೋಟೆ ಕಾಳಗಕ್ಕ ಅಷ್ಟೇನು ತ್ರಾಸ ಆಗಂಗಿಲ್ಲ.

ಜುಲೈ ೧೧, ಶುಕ್ರವಾರ

ಲಿಂಬಿಹಣ್ಣಿನ ಆಟ ಮುಂಜಾನೆ ತಯಾರಾತು. ಬರೇ ಹಣ್ಣು ಒಗಿಯೂದು ಅಂದ್ರ ಸಪ್ಪಗ ಆಗತೈತಿ ಅಂತ ಒಂದೀಟ ಸೇರಿಸಿದ್ದೆ. ಮ್ಯಾಲೆ ಒಂದ ಗಡಿಯಾರ, ಹೊತ್ತ ಮುಗದ್ರ ಸೋತಂಗ. ಎದುರಾಳಿ ಒಬ್ಬ ಬಾಜೂಕ ಒಗಕೋತ ಬರತಾನ, ನೀ ಹಿಂದ ಬಿದ್ರ ಸಿಳ್ಳೆ ಹೊಡೀತಾನ. ಅಡ್ಡ ಬರೋ ಎತ್ತು, ಕಬ್ಬಿನ ಟ್ರ್ಯಾಕ್ಟರು, ನಾಣ್ಯ, ಗಾಳಿ. ಆಟ ಅಂದ್ರ ಎದಿ ಹೊಡಕೋಬೇಕು ಅಂತ ನಾನ ಹುಡುಗರಿಗೆ ಕಲಸತೇನಿ.

ಹೊಡಕೊಂತು. ಹಟಕ್ಕ ಬಿದ್ದು ಆಡಿದ್ಲು. ಎದುರಾಳಿ ಮುಂದ ಹೋದ್ರ ಉಸರ ಬಿಗಿ ಹಿಡಿದ್ಲು, ಗಡಿಯಾರ ಕೆಂಪಾದ್ರ ಅರ್ಧಾ ಎದ್ದು ಕುಂತ್ಲು. ಆಟಕ್ಕ ಹತ್ಯಾಳ ಅಂತ ನಾ ಬಾಗಲದಾಗ ನಿಂತು ಖುಷಿ ಪಡತಿದ್ದೆ. ಆಮ್ಯಾಲೆ ಫೋನ್ ಕೈಬಿಟ್ಟು, "ಏನ್ರಿ, ಹೊಟ್ಟಿ ಕಲ್ಲಾತು," ಅಂದ್ಲು. ಬಿಡತೈತಿ ಅಂತ ಕಾದ್ವಿ. ಬಿಡತಿತ್ತು, ಮತ್ತ ಹಿಡೀತಿತ್ತು. ಡಾಕ್ಟರ ಬಾಯಾರು ಫೋನಿನ್ಯಾಗ ಗುಳಿಗಿ ಹೇಳಿದ್ರು, ನಿಲ್ಲಲಿಲ್ಲಂದ್ರ ಕೂಡ್ಲೆ ಕರಕೊಂಡ ಬರ್ರಿ ಅಂದ್ರು. ಅತ್ತಿಯವರು ಫೋನ್ ತಗೊಂಡು ಹೋಗಿ ಹಿಟ್ಟಿನ ಡಬ್ಬ್ಯಾಗ ಹುಗದ್ರು.

ಸಂಜಿಗೆ ಹೊಟ್ಟಿ ಮೆತ್ತಗಾತು. ಕೂಸು ಒದ್ದಿದ್ದು ನನ್ನ ಅಂಗೈಗೆ ಗೊತ್ತಾತು. ಯಾರಿಗೆ ಕೈ ಮುಗೀಬೇಕೋ ಎಲ್ಲಾರಿಗೂ ಮುಗದೇನಿ.

ಜುಲೈ ೧೨, ಶನಿವಾರ

ಗಡಿಯಾರ ತಗದೆ. ಎದುರಾಳಿನ ತಗದೆ. ಸಿಳ್ಳೆ ತಗದೆ. ಸೋಲೂದು ತಗದೆ.

ಫೋನ್ ಝಾಡಿಸಿದಷ್ಟೂ ಜ್ವಾಳದ ಹಿಟ್ಟು ಬರಾಕ ಹತ್ತೇತಿ.

ಜುಲೈ ೨೦, ಭಾನುವಾರ

ಫೋನ್ ತಿರಗಿ ಶಿವಾನಿ ಕೈಯಾಗ ಕೊಡಾಕ ಹ್ವಾದ ವಾರ ಅತ್ತಿಯವರ ಮುಂದ ನಾನೂ ಶಿವಾನಿನೂ ಕೂಡಿ ಗೋಗರದ್ವಿ. ಹೊಟ್ಟಿ ಬಿಗಿಯಾದ್ರ ಆ ಕ್ಷಣಕ್ಕ ಬಂದ್ ಅನ್ನೋ ಕರಾರಿನ ಮ್ಯಾಲೆ ಒಪ್ಪಿದ್ರು.

ಈಗ ದಿನಾ ಶಿವಾನಿ ಒಂದೊಂದ ಕಿತ್ತ ಹಾಕಸಾಕ ಹತ್ಯಾಳ. ನಾಣ್ಯ ಯಾಕ ಅಂದ್ಲು, ತಗದೆ. ಎತ್ತು ಪಾಪ ಅಂದ್ಲು, ತಗದೆ. ಗಾಳಿ ಬಾಣದ ಗುರ್ತು ಯಾಕ, ಗಾಳಿ ಯಾರರ ಬರದ ತೋರಸತಾರೇನು ಅಂದ್ಲು. ಮಾಡಿದಾಂವ ನಾ. ಒಂದೊಂದು ಅಳಿಸೂ ಮುಂದ ಹೊಟ್ಟಿ ಉರೀತೈತಿ. ಇವತ್ತ ಜಗಳಾನೂ ಆಡಿದೆ.

"ಅಲ್ಲ, ಸೋಲೂದ ಇಲ್ಲ ಅಂದ್ರ ಅದನ್ನ ಆಟ ಅಂತ ಹೆಂಗ ಅನ್ನೂದು?"

"ಸೋಲೂದು ನನಗ ಗೊತ್ತೈತ್ರಿ," ಅಂದ್ಲು. ಜೋರ ಮಾಡಲಿಲ್ಲ. "ಅದನ್ನ ಕಲಸಾಕ ಈ ಫೋನ್ ಬ್ಯಾಡ."

ಆಕಿ ಕಾಲ ಹಿಚಕಿಕೋತ ಕುಂತೆ.

ಉಳದಿದ್ದು ಇಷ್ಟ: ಒಂದ ಲಿಂಬಿಹಣ್ಣು, ಮುಂದ ಹೊಲಾ, ಹೊಲದ ನಡುವ ದಾರಿ. ಹೆಬ್ಬೆಟ್ಟಿನಿಂದ ಹಿಂದ ಎಳದು ಬಿಟ್ರ ಹಣ್ಣು ಹೋಗತೈತಿ. ಎಲ್ಲಿ ಬಿತ್ತೋ ಅಲ್ಲಿಂದ ಮತ್ತ. ಮ್ಯಾಲೆ ಅಂಕಿ ಇಲ್ಲ, ಮೂಲ್ಯಾಗ ಮೀಟರಿಲ್ಲ. ಒಂದ ಕೈ ಸಾಕು.

ಜುಲೈ ೨೯, ಮಂಗಳವಾರ, ಪಂಚಮಿ

ಬಸವಲಿಂಗ ಅಕ್ಕನ್ನ ಕರಿಯಾಕ ಬರೂ ಬದಲಿ ಉಂಡಿ ಹೊತಗೊಂಡ ಬಂದ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಕೂಡ ಅವರಪ್ಪ ನಿಜಗುಣಪ್ಪ ಮಾವನೂ ಬಂದಿದ್ರು. ಹಬ್ಬದ ದಿವಸ ಮನಿ ಬಿಟ್ಟು ಬಂದಿದ್ದು ಇದ ಮೊದಲಂತ. ಮಂಚದ ಬಾಜೂಕ ಕುರ್ಚಿ ಹಾಕ್ಕೊಂಡು ತಲಿ ಮ್ಯಾಲಿನ ಪಟಗಾ ತಗದು ತೊಡಿ ಮ್ಯಾಲೆ ಇಟ್ಟುಕೊಂಡು ಕುಂತ್ರು. ಮಗಳ ಮಾರಿ ನೋಡೂದು, ಕಿಡಕಿ ನೋಡೂದು.

ಶಿವಾನಿ ಹಸರ ಸೀರಿ ಮ್ಯಾಲೆ ಹೊದ್ದುಕೊಂಡು ಫೋನ್ ಹಿಡಿದ್ಲು. ಬೈಲಹೊಂಗಲದ ಅಗಸಿಯಿಂದ ಮೊದಲನೇ ಸಲ ಒಗದ್ಲು. ಹಣ್ಣು ಹೋಗಿ ಕರೀ ಹೊಲದಾಗ ಬಿತ್ತು. ಫೋನು ಏನೂ ಅನ್ನಲಿಲ್ಲ. ಆಕಿ ಮಾರಿ ನೋಡಿದೆ. ಜೀಕಾಕ ಹತ್ತಿದ ಹುಡುಗಿ ಹೆಂಗಿರಬೇಕೋ ಹಂಗಿತ್ತು.

"ಎಷ್ಟ ಸ್ಕೋರಾತು ಅಕ್ಕಾ?" ಅಂದ ಬಸವಲಿಂಗ.

"ಸ್ಕೋರ್ ಇಲ್ಲೋ ಇದರಾಗ."

"ಮತ್ತ ಗೆದ್ರ ಏನ್ ಸಿಗತೈತಿ ಮಾಮಾ?"

"ದೊಡವಾಡ ಸಿಗತೈತಿ," ಅಂದೆ. ಅವ ನನ್ನ ಮಾರಿ ನೋಡಿ ನಕ್ಕ. ಆಮ್ಯಾಲೆ ಫೋನ್ ಇಸಕೊಂಡಾಂವ ಕೊಡವಲ್ಲ. ಊಟಕ್ಕ ಕರದ್ರೂ ಏಳವಲ್ಲ. ಅತ್ತಿಯವರು ಬೈದು ಕಸಕೊಂಡು ತಾವೂ ಒಂದ ಸಲ ಒಗದು ನೋಡಿದ್ರು. ಹಣ್ಣು ಹಿಂದಕ್ಕ ಹೋತು. ಎಲ್ಲಾರೂ ನಕ್ವಿ, ಮಾವನೂ ನಕ್ರು. ಶಿವಾನಿಗೆ ಮಾತ್ರ ಅತ್ತಿಯವರು ನಗಾಕ ಸ್ವಲ್ಪ ಪರವಾನಗಿ ಕೊಟ್ರು.

ಹೋಗೂಮುಂದ ಮಾವ ಹೊಸ್ತಲದಾಗ ನಿಂತು ನನಗ, "ಚಲೋ ಮಾಡೀರಿ," ಅಂದ್ರು. ಅವರು ಮಾತಾಡೂದ ಕಡಿಮಿ. ಆ ಎರಡ ಶಬ್ದ ನನಗ ಇವತ್ತಿನ ಉಂಡಿಗಿಂತ ರುಚಿ ಅನಿಸಿದ್ವು.

ಆಗಸ್ಟ್ ೧೦, ಭಾನುವಾರ

ಬ್ಯಾರೆ ಏನೂ ಉಳಿದಿಲ್ಲ, ಅದಕ್ಕ ಹಣ್ಣು ಬೀಳೂದನ್ನ ಸರಿ ಮಾಡಾಕ ಹತ್ತೇನಿ. ಹತ್ತ ದಿವಸದಿಂದ ಅದೊಂದ ಕೆಲಸ. ಡಾಂಬರಿನ ಮ್ಯಾಲೆ ಬಿದ್ರ ಪುಟದು ಉರಳಬೇಕು. ಕರೀ ಎರಿ ಹೊಲದಾಗ ಬಿದ್ರ ಅಲ್ಲೇ ಕುಂದ್ರಬೇಕು. ಮಳಿ ಆದ ಮಣ್ಣಾಗ ಅರ್ಧಾ ಹುಗೀಬೇಕು. ನಿನ್ನೆ ಬೀಳೂ ಸಪ್ಪಳ ರೆಕಾರ್ಡ್ ಮಾಡಾಕ ಒಂದ ಚೀಲ ಲಿಂಬಿಹಣ್ಣು ತಂದು ಮಾಳಿಗಿ ಮ್ಯಾಲಿಂದ ಹಿತ್ತಲಕ್ಕ ಒಗದೆ. ಬಾಜೂಮನಿ ರಾಯಪ್ಪನವರು ಕಂಪೌಂಡಿನ ಮ್ಯಾಲಿಂದ ನೋಡಿ, "ಮಾಸ್ತರ, ಮನ್ಯಾಗ ಎಲ್ಲಾ ಆರಾಮ ಹೌದಲ್ರಿ?" ಅಂತ ಕೇಳಿದ್ರು. ಒಡದ ಹಣ್ಣು ಆರಿಸಿ ಅತ್ತಿಯವರು ಉಪ್ಪಿನಕಾಯಿ ಹಾಕ್ಯಾರ.

ಮೂರ ವರ್ಷ ಕುದರಿ ಓಡಸೂಮುಂದ ಇಷ್ಟ ಖುಷಿ ಆಗಿದ್ದಿಲ್ಲ.

ಹ್ವಾದ ವರ್ಷ ಕೂಸು ಹೋದ ಹೊತ್ತು ಈ ಸಲ ದಾಟಿ ಹೋತು. ಇಬ್ರಿಗೂ ಗೊತ್ತಿತ್ತು. ಶಿವಾನಿ ನನ್ನ ಕೈ ತಗೊಂಡು ಹೊಟ್ಟಿ ಮ್ಯಾಲೆ ಇಟ್ಟುಕೊಂಡ್ಲು. ಹಂಗ ನಿದ್ದಿ ಹತ್ತಿತು ಆಕಿಗೆ, ನನ್ನ ಕೈ ಜುಮ್ಮು ಹಿಡಿದ್ರೂ ತಗೀಲಿಲ್ಲ.

ಆಗಸ್ಟ್ ೧೮, ಸೋಮವಾರ

ಮನ್ಯಾಗನ ಸೀಮಂತದ ಕುಬಸ ಮಾಡಿದ್ರು. ಮಲಗಿದ ಬಸರಿಗೆ ಕುಬಸ ಎಲ್ಲೂ ನೋಡಿಲ್ಲ ಅಂತ ಓಣ್ಯಾಗಿನ ಹೆಣ್ಮಕ್ಕಳು ಅಂದ್ರಂತ. "ಈಗ ನೋಡ್ರಿ," ಅಂದ್ರಂತ ಅತ್ತಿಯವರು. ರಾಮದುರ್ಗದಿಂದ ನಮ್ಮವ್ವ ಅಣ್ಣನ ಗಾಡ್ಯಾಗ ಬಂದು ಹಸರ ಬಳಿ ಇಡಿಸಿದ್ಲು. ಆರತಿ ಹಾಡು ಹಾಡೂಮುಂದ ಶಿವಾನಿ ಅತ್ಲು, ಆಮ್ಯಾಲೆ ನಕ್ಲು. ನಾ ಬಾಗಲದಾಗ ನಿಂತು ನೋಡಿದೆ. ಏನೂ ಬೇಡಬೇಕು ಅನಿಸಲಿಲ್ಲ. ಇದ್ದದ್ದ ಇರಲಿ ಅನಿಸ್ತು.

ಸೆಪ್ಟೆಂಬರ್ ೪, ಗುರುವಾರ

ಮಧು ಫೋನ್ ಮಾಡಿ, "ಏನಾತಲೇ, ಕಳಿಸಿದಿಲ್ಲೋ? ರಸೀದಿ ಬಂತೇನು?" ಅಂದ.

ಯಾವ ರಸೀದಿ ಅಂದೆ. ಹುಬ್ಬಳ್ಳಿ ಸ್ಪರ್ಧಾದ್ದು ಅಂತ ಅವ ಅಂದ ಮ್ಯಾಲೆ ತಲ್ಯಾಗ ಬಂತು. ಮೂವತ್ತೊಂದನೇ ತಾರೀಖು ಯಾವಾಗ ಬಂತು, ಯಾವಾಗ ಹೋತು, ನನಗ ಖಬರ ಇಲ್ಲ. ಆವತ್ತ ಶಿವಾನಿ ಕಾಲು ಬಾತಿದ್ವು, ರಕ್ತ ತಪಾಸ ಮಾಡಸಾಕ ಓಡ್ಯಾಡಿದ್ದೆ.

ಸಂಜಿಗೆ ಮಧು ಕಿತ್ತೂರಿನಿಂದ ಗಾಡಿ ಹೊಡಕೊಂಡ ಬಂದ. ಬೈತಾನ ಅಂತ ಕಾದಿದ್ದೆ. ಬೈಲಿಲ್ಲ, ಅದು ಇನ್ನೂ ಕಠಿಣ ಆತು. ಮೂವತ್ತ ಥರದ ಕುದರಿ ಬರದಾನ ಅವ, ಅಂಗಡಿ ಕೆಲಸ ಮುಗದ ಮ್ಯಾಲೆ ಕುಂತು, ಒಂದೊಂದರ ಕುತ್ತಿಗಿ ಕೂದಲಾ ಕೂಡ ಬ್ಯಾರೆ ಬ್ಯಾರೆ. ತಪ್ಪಾತು ದೋಸ್ತ ಅಂದೆ. ಶಿವಾನಿ ಅವಗ ಫೋನ್ ಕೊಟ್ಲು. ಅವ ಒಗದ. ಮತ್ತ ಒಗದ. ಚಾ ಆರಿ ಹೋತು.

"ಇದರಾಗ ನಂದೇನೂ ಇಲ್ಲಲ್ಲೋ," ಅಂದ ಕಡೀಕ.

ಶಿವಾನಿನ ಹೇಳಿದ್ಲು: "ಮಧು, ಆ ಹೊಲಾ ಬಣಬಣ ಅನಸ್ತೈತಿ. ದೂರ ಒಂದ ಕುದರಿ ಮೇಯಾಕ ಬಿಡ್ರಿ. ಏನೂ ಮಾಡೂದು ಬ್ಯಾಡ ಅದು."

ಎರಡ ತಾಸು ಕುಂತು ಮೂವತ್ತರಾಗ ಒಂದನ್ನ ಆರಿಸಿದ. ಈಗ ಹಳ್ಳದ ದಂಡಿಗೆ ಒಂದ ಬೂದ ಕುದರಿ ಮೇಯಾಕ ಹತ್ತೈತಿ. ಓಡೂದಿಲ್ಲ, ಜಿಗಿಯೂದಿಲ್ಲ. ನಾನೂ ಅದನ್ನ ನೋಡಾಕಂತ ಒಮ್ಮೊಮ್ಮೆ ಆಟ ತೆರೀತೇನಿ. ಇಂಥಾ ದೋಸ್ತ ಸಿಗಬೇಕಂದ್ರ ಪುಣ್ಯಾ ಬೇಕು.

ಸೆಪ್ಟೆಂಬರ್ ೨೧, ಭಾನುವಾರ

ಎಂಟನೇ ತಿಂಗಳ ನಡದೈತಿ. ಅತ್ತಿಯವರ ಕಡೆ ಕಲತು ನಾ ಬಡದ ರೊಟ್ಟಿ ಇವತ್ತ ಒಂದ ಕಡೆ ಉಬ್ಬಿತು.

ಅಕ್ಟೋಬರ್ ೫, ಭಾನುವಾರ

ಆಸ್ಪತ್ರಿ ಪಾವಟಿಗಿ ಮ್ಯಾಲೆ ಕುಂತು ಬರಿಯಾಕ ಹತ್ತೇನಿ. ಬರೀಲಿಲ್ಲಂದ್ರ ತಲಿ ನಿಲ್ಲವಲ್ದು.

ಮುಂಜಾನೆ ಚಾ ಹೊತ್ತಿಗೆ ನೀರ ಹೋತು. ತಾರೀಖು ಇನ್ನೂ ದೂರ ಇತ್ತು. ರಾಯಪ್ಪನವರು ಅಂಗಿ ಹಾಕ್ಕೋತನ ಗಾಡಿ ತಗದ್ರು. ಹಿಂದಿನ ಸೀಟಿನ್ಯಾಗ ಅತ್ತಿಯವರ ತೊಡಿ ಮ್ಯಾಲೆ ಶಿವಾನಿ ತಲಿ, ನನ್ನ ತೊಡಿ ಮ್ಯಾಲೆ ಆಕಿ ಕಾಲು. ನೋವು ಬಂದಾಗ ನನ್ನ ಮುಂಗೈ ಹಿಡೀತಿದ್ಲು, ಉಗರಿನ ಗುರ್ತು ಇನ್ನೂ ಅದಾವು.

"ಇನ್ನೇನ್ ಬಂತು, ಧಾರವಾಡ ಬಂತು," ಅಂತ ಸುಳ್ಳ ಹೇಳಕೋತ ಹೊಂಟಿದ್ದೆ.

"ಧಾರವಾಡದ ಸುದ್ದಿ ಬ್ಯಾಡ್ರಿ," ಅಂದ್ಲು, ಹಲ್ಲ ಕಚ್ಚಿ. "ನನಗ ಅಷ್ಟ ದೂರ ಆಗಂಗಿಲ್ಲ. ಮುಂದ ಏನ್ ಕಾಣತೈತಿ, ಅಷ್ಟ ಹೇಳ್ರಿ."

"ಒಂದ ಬೇವಿನ ಗಿಡ."

"ಹಾಂ. ಅಲ್ಲಿ ತನಕ." ಉಸರ ಬಿಟ್ಲು. ಗಿಡ ದಾಟಿತು. "ಮುಂದ?"

"ಬಸ್ ಸ್ಟಾಪಿನ ಶೆಡ್ಡು."

"ಅಲ್ಲಿ ತನಕ."

ಹಂಗ ಹೊಂಟ್ವಿ. ಮೈಲುಗಲ್ಲು, ಗೊಬ್ಬರದ ಅಂಗಡಿ, ಹಳ್ಳದ ಪೂಲು, ಹುಲ್ಲಿನ ಬಣವಿ. ನಾ ಕಂಡದ್ದ ಹೇಳತಿದ್ದೆ, ಆಕಿ ಅಲ್ಲಿ ತನಕ ಬರತಿದ್ಲು. ಅತ್ತಿಯವರೂ ಸುರು ಮಾಡಿದ್ರು, ಆಮ್ಯಾಲೆ ರಾಯಪ್ಪನವರೂ. ದೊಡವಾಡ ಬಂತು. ನಿಜಗುಣಪ್ಪ ಮಾವ ಪಟಗಾ ಕೈಯಾಗ ಹಿಡಕೊಂಡು ರಸ್ತೆ ಬಾಜೂಕ ನಿಂತಿದ್ರು, ಬಸವಲಿಂಗ ಗಾಡಿ ಚಾಲೂ ಮಾಡಿ ಇಟ್ಟಿದ್ದ, ನಮ್ಮ ಹಿಂದ ಬಿದ್ದ. ನಾವು ನಿಲ್ಲಿಸಲಿಲ್ಲ. "ನಿಮ್ಮಪ್ಪ ನಿಂತಾರ," ಅಂದೆ. "ಅಪ್ಪನ ತನಕ," ಅಂದ್ಲು. ದಾಟಿದ್ವಿ. "ಮುಂದ?"

ಈಗ ಒಳಗ ಕರಕೊಂಡ ಹೋಗ್ಯಾರ. ಬಾಗಲಾ ಹಾಕ್ಯಾರ. ನನಗ ಮುಂದ ಏನೂ ಕಾಣವಲ್ದು.

ಅದ ದಿವಸ

ಹೆಣ್ಣ ಕೂಸು. ಎರಡ ಕಿಲೋಕ್ಕ ಸ್ವಲ್ಪ ಕಡಿಮಿ. ಅತ್ತೈತಿ, ನಾ ಕೇಳೇನಿ. ಉಸರಾಟ ಒಂದೀಟ ನೋಡಬೇಕು ಅಂತ ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ಶಿವಾನಿ ಆರಾಮ ಅದಾಳ.

ಏನ್ ಬರೀಬೇಕೋ ತಿಳಿವಲ್ದು. ನರ್ಸಿಗೆ, ಡಾಕ್ಟರ ಬಾಯಾರಿಗೆ, ರಾಯಪ್ಪನವರಿಗೆ, ಕಸಾ ಹೊಡಿಯೋ ಅಜ್ಜಿಗೂ ಪೇಡೆ ಕೊಟ್ಟೆ. ಅಜ್ಜಿ ಎರಡ ತಗೊಂಡ್ಲು.

ಅಕ್ಟೋಬರ್ ೮, ಬುಧವಾರ

ಕೂಸು ತಾನ ಉಸರಾಡಾಕ ಹತ್ತೈತಿ. ಇವತ್ತ ಶಿವಾನಿ ಎದಿ ಮ್ಯಾಲೆ ಮಲಗಿಸಿದ್ರು. ನಾಕ ತಿಂಗಳ ಮಲಗಿದ್ದಾಕಿ ನೆಟ್ಟಗ ಕುಂತು ಎತ್ತಿಕೊಂಡ್ಲು.

ವಾರ್ಡಿನ್ಯಾಗ ಬಾಜೂ ಕಾಟಿನ್ಯಾಗ ರೇಣು ಅಂತ ಒಬ್ಬಾಕಿ ಅದಾಳ, ಸವದತ್ತಿ ಕಡ್ಯಾಕಿ. ಆಕಿಗೂ ನಮ್ಮಂಗ ಹೊಲಿಗಿ. ಹಿಂದ ಎರಡ ಸಲ ಹ್ವಾದವಂತ. ಮಾತಿಲ್ಲ ಕತಿಯಿಲ್ಲ, ಮ್ಯಾಲೆ ತಿರಗೋ ಫ್ಯಾನ್ ನೋಡಕೋತ ಬಿದ್ದಿರತಾಳ. ಶಿವಾನಿ ಏನೂ ಹೇಳದ ಆಕಿ ಕೈಯಾಗ ಫೋನ್ ಇಟ್ಲು. ಹೆಂಗ ಆಡಬೇಕು ಅಂತ ಹೇಳಾಕ ನಾ ಎದ್ದೆ, ಶಿವಾನಿ ನನ್ನ ಅಂಗಿ ಹಿಡದ ಜಗ್ಗಿ ಕುಂದ್ರಿಸಿದ್ಲು.

ರೇಣು ಹಣ್ಣಿನ ಮ್ಯಾಲೆ ಬೆರಳ ಇಟ್ಲು. ಎಳದ್ಲು. ಬಿಟ್ಲು. ಹಣ್ಣು ಹೋತು. ಅದು ಬಿದ್ದಲ್ಲಿ ಬೆರಳ ಇಟ್ಟು, "ಇದು ಎಲ್ಲಿಗಿ ಹೋಗೂದ್ರಿ ಅಕ್ಕಾರ?" ಅಂದ್ಲು.

"ತವರಿಗೆ," ಅಂದ್ಲು ಶಿವಾನಿ.

ರೇಣು ಸಂಜಿ ತನಕ ಫೋನ್ ತಿರಗಿ ಕೊಡಲಿಲ್ಲ. ಆಕಿ ಫೋನಿಗೂ ಹಾಕಿಕೊಟ್ಟೆ.

ಅಕ್ಟೋಬರ್ ೧೩, ಸೋಮವಾರ

ತಾಯಿ ಮಗಳನ್ನ ದೊಡವಾಡಕ್ಕ ಬಿಟ್ಟು ಬಂದೆ. ಬಾಣಂತನ ಅಲ್ಲೇ. ಈ ಸಲ ಗಾಡಿ ಸಾವಕಾಶ ಹೊಡಿಸಿದ್ವಿ. ಶಿವಾನಿ ಕಿಡಕಿ ಕಡೆ ಕುಂತು ಕೂಸಿಗೆ ಗಿಡಾ, ಶೆಡ್ಡು ಎಲ್ಲಾ ತೋರಸಿಕೋತ ಬಂದ್ಲು. ಕೂಸು ಕಣ್ಣ ತೆರೀಲಿಲ್ಲ. ಮಾವ ಬಾಗಲದಾಗ ದೃಷ್ಟಿ ಆಗಬಾರದಂತ ನೀರ ಇಳಿಸಿ ಒಳಗ ಕರಕೊಂಡ್ರು.

ಮನಿಗೆ ಬಂದೇನಿ. ಮಂಚ ಕಿಡಕಿ ಕಡೆನ ಇರಲಿ ಅಂತ ಬಿಟ್ಟೇನಿ.

ನವೆಂಬರ್ ೬, ಗುರುವಾರ

ಹೊತ್ತ ಮುಳಗೂಮುಂದ ಶಿವಾನಿ ಫೋನ್ ಬಂತು. ಕೂಸು ಎರಡೂವರಿ ಕಿಲೋಕ್ಕ ಬಂದೈತಂತ, ಅತ್ತಿಯವರು ದಿನಾ ಎಣ್ಣಿ ತಿಕ್ಕಿ ತಿಕ್ಕಿ ಅದರ ಮೂಗು ನೆಟ್ಟಗ ಮಾಡಾಕ ಹತ್ಯಾರಂತ, ನನ್ನ ಮೂಗು ಬಂದೈತಿ ಅಂತ ಚಿಂತಿ ಅವರಿಗೆ. ಆಮ್ಯಾಲೆ ರೇಣು ಸುದ್ದಿ ಹೇಳಿದ್ಲು. ಮನಿಗೆ ಬಂದಾಳಂತ, ಇನ್ನೂ ಮಲಗಬೇಕಂತ, ಎಲ್ಲಾ ಚಲೋ ಐತಂತ.

"ಹೊಟ್ಟಿ ಬಿಗಿ ಹಿಡದಾಗ ಆಟ ತೆರೀತಾಳಂತ್ರಿ. ಆದ್ರ ತೆರೆದ ಕೂಡ್ಲೆ ಮೊದಲ ಒಂದ ಹೆಸರು ಬರತೈತಿ, ಅದು ಹೋಗೂ ತನಕ ಕಾಯಾಕ ಆಗವಲ್ದು ಅಂದ್ಲು." ಶಿವಾನಿಗೆ ನಗು ತಡೀವಲ್ದು. "'ಆ ಮಾದೇವ ಅನ್ನಾಂವ ಯಾರ್ರಿ ಅಕ್ಕಾರ, ಒಂದೀಟ ಬಾಜೂಕ ಸರಿ ಅಂತ ಹೇಳ್ರಿ' ಅಂದ್ಲು."

ನಾನೂ ನಕ್ಕೆ. ನಕ್ಕೋತನ ಕಂಪ್ಯೂಟರ್ ತೆರದೆ. ಎಲ್ಲಾ ಕಿತ್ತ ಮ್ಯಾಲೂ ನಾ ಅದಕ್ಕ ಲಕ್ಷ್ಯ ಕೊಟ್ಟಿದ್ದಿಲ್ಲ: ಕರೀ ಪರದೆ, ಬಂಗಾರದ ಬಣ್ಣದ ಅಕ್ಷರ, 'ಮಹಾದೇವ ಅರ್ಪಿಸುವ'. ಕೋಟೆ ಕಾಳಗಕ್ಕಂತ ಮಾಡಿದ್ದು, ಹಂಗ ಬಂದ ಬಿಟ್ಟಿತ್ತು. ನೋವು ಬಂದಾಕಿ ಅಷ್ಟ ಹೊತ್ತು ನನ್ನ ಹೆಸರ ಓದಬೇಕು.

ಮೂರ ಸಾಲು ಅಳಿಸಿದೆ. ಈಗ ತೆರೆದ ಕೂಡ್ಲೆ ಹೊಲಾ ಬರತೈತಿ. ಹೊಸಾದು ರೇಣುಗ ಕಳಿಸಿ ಶಿವಾನಿಗೆ ತಿರಗಿ ಫೋನ್ ಹಚ್ಚಿದೆ.

"ತಗದೆ."

"ಪೂರಾ?"

"ಪೂರಾ."

ಕೂಸು ಹಾಲ ಕುಡಿಯೂ ಸಪ್ಪಳ ಕೇಳತಿತ್ತು.

"ಹಂಗಾದ್ರ ಇದನ್ನ ಯಾರ್ ಮಾಡಿದ್ರು ಅಂತ ಮಂದಿಗೆ ಹೆಂಗ ಗೊತ್ತಾಗಬೇಕ್ರಿ?"

"ಗೊತ್ತಾಗಲಿಲ್ಲಂದ್ರ ನಡೀತೈತಿ."

"ಮಂದಿಗೆ ನಡೀತೈತಿ," ಅಂದ್ಲು. "ಈಕಿಗೆ ನಾ ಹೇಳತೇನಿ."